ಮಾಳಪ್ಪಣ್ಣ ಬಿಚ್ಚದೆ ಹೋದ ಗಂಟು

ಸಾಂಗ್ಲಿ ಕಡೆಯ ಶೇಗಾಂವದಲ್ಲಿ ಮಾಳಪ್ಪಣ್ಣನ ಕಂಪ್ಯೂಟರ್ ಕ್ಲಾಸು ಇತ್ತಲ್ಲ, ಅದರ ಬಾಗಿಲ ಹಿಂದೆ ಒಂದು ಮೊಳೆ. ಮೊಳೆಗೆ ಒಂದು ಕರಿ ಉಣ್ಣೆಯ ದಾರ. ದಾರದ ತುಂಬ ಗಂಟು. ಹೊಸದಾಗಿ ಬಂದವರು ಅದನ್ನು ದೃಷ್ಟಿಗೆ ಕಟ್ಟಿದ್ದೋ, ದೇವರ ಹರಕೆಯೋ ಅಂದುಕೊಳ್ಳುತ್ತಿದ್ದರು. ಎರಡೂ ಅಲ್ಲ. ಒಂದೊಂದು ಗಂಟೂ ಒಬ್ಬೊಬ್ಬ ಮನುಷ್ಯ. ಯಾರಾದರೂ ಅವಮಾನ ಮಾಡಿದರೆ ಮಾಳಪ್ಪಣ್ಣ ಜಗಳ ಆಡುತ್ತಿರಲಿಲ್ಲ, ಧ್ವನಿ ಏರಿಸುತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗಿ ದಾರಕ್ಕೆ ಒಂದು ಗಂಟು ಹಾಕಿ ಬಂದು ಕೂರುತ್ತಿದ್ದ. ಸೇಡು ತೀರಿದ ದಿನ ಅದನ್ನು ಬಿಚ್ಚುತ್ತಿದ್ದ.

"ಕ್ಷಮಾ ಮಾಡೂದು ದೊಡ್ಡ ಗುಣ ಅಂತಾರಲ್ಲ ಅಣ್ಣಾ" ಎಂದು ಒಮ್ಮೆ ಕೆಣಕಿದ್ದೆ.

"ದೊಡ್ಡವರು ಮಾಡ್ಲಿ ಬಿಡು ತಂಗಿ. ನಾವು ಸಣ್ಣ ಮಂದಿ. ನಮಗ ನೆನಪ ಒಂದ ಆಸ್ತಿ" ಅಂದ.

ನಾನು ಯಳವಿಯವಳು. ಟೈಪಿಂಗ್ ಕಲಿಯಲು ಆ ಕ್ಲಾಸಿಗೆ ಹೋದವಳು ಅಲ್ಲೇ ಟೈಪಿಂಗ್ ಕಲಿಸುವವಳಾಗಿ ಉಳಿದೆ. ಈಗ ನೀವು ಫೇಸ್‌ಬುಕ್ಕಿನಲ್ಲಿ ನನ್ನ ಉದ್ದುದ್ದ ಕಥೆ ಓದಿ ಬೈಯುತ್ತೀರಲ್ಲ, ಆ ಬೆರಳಿಗೆ ಅಭ್ಯಾಸ ಹಚ್ಚಿದವನು ಅವನೇ. ಕುರಿ ಕಾಯುವ ಮನೆತನದ ಮನುಷ್ಯ. ಹದಿನಾಲ್ಕು ವರ್ಷದವರೆಗೆ ಕುರಿಯ ಹಿಂದೆ ತಿರುಗುತ್ತ, ನಡುನಡುವೆ ಸಾಲಿಗೆ ಹೋಗುತ್ತ ಬೆಳೆದವನು. ದಪ್ಪ ಕನ್ನಡಕ, ಅದರ ಒಂದು ಕಾಲಿಗೆ ತಂತಿ ಸುತ್ತಿದ್ದು. ಎಂಥ ಬೇಸಿಗೆಯಿರಲಿ, ಕುರ್ಚಿಯ ಮೇಲೆ ಕಂಬಳಿ ಹಾಸಿಯೇ ಕೂರಬೇಕು. ಫ್ಯಾನಿನ ಕೆಳಗೆ ಬೆವರುತ್ತ, "ಕಂಬಳಿ ಇಲ್ದ ಕುಂತ್ರ ಯಾರದೋ ಮನ್ಯಾಗ ಕುಂತಂಗ ಆಗ್ತದ" ಅನ್ನುತ್ತಿದ್ದ.

ಅವನ ಸೇಡುಗಳು ಎಂಥವು ಅಂತ ತಿಳಿಯಬೇಕಾದರೆ ಗುರೂಜಿಯ ಕಥೆ ಕೇಳಬೇಕು. ಸಾಲಿಯಲ್ಲಿ ಆ ಗುರೂಜಿ ಉಳಿದ ಹುಡುಗರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಕುರಿಯವರ ಹುಡುಗನನ್ನು ಮಾತ್ರ ಹಾಜರಿಯ ನಂಬರ್‌ನಿಂದ ಕರೆಯುತ್ತಿದ್ದರು. "ಇಪ್ಪತ್ಮೂರು, ಹಿಂದ ಕುಂದ್ರು. ಕುರಿ ವಾಸನಿ ಬರ್ತದ." ನಾಲ್ಕು ವರ್ಷ ಅವನು ಬರೀ ಇಪ್ಪತ್ಮೂರು.

ಆ ಗುರೂಜಿ ಎಪ್ಪತ್ತು ದಾಟಿದ ಮೇಲೆ ಪಿಂಚಣಿಯ ಆನ್‌ಲೈನ್ ಫಾರ್ಮು ತುಂಬಿಸಲು ನಮ್ಮಲ್ಲಿಗೇ ಬಂದರು. ಅಂಗಡಿಯಲ್ಲಿ ಅವರ ಹೊರತು ಯಾರೂ ಇರಲಿಲ್ಲ. ಮಾಳಪ್ಪಣ್ಣ ಒಂದು ಚೀಟಿಯ ಮೇಲೆ ಏನೋ ಬರೆದು ಅವರ ಕೈಗಿಟ್ಟು, "ಕುಂದ್ರಿ, ಪಾಳಿ ಬಂದಾಗ ಕರೀತೀನಿ" ಅಂದ. ಒಂದು ತಾಸು ಕೂರಿಸಿದ. ಆಮೇಲೆ ಸಾಲಿಯ ಗಂಟೆ ಹೊಡೆದಂತೆ ಮೇಜು ಬಡಿದು ಕೂಗಿದ:

"ನಂಬರ್ ಇಪ್ಪತ್ಮೂರು, ಮುಂದ ಬರ್ರಿ."

ಗುರೂಜಿ ಚೀಟಿ ನೋಡಿದರು. ಅವನ ಮುಖ ನೋಡಿದರು. ಕೊನೆಗೆ ಕುರ್ಚಿಯ ಮೇಲಿನ ಕಂಬಳಿ ನೋಡಿದರು. "ಮಾಳಪ್ಪಾ" ಅಂದರು. ಅಷ್ಟೇ ಸಾಕಾಗಿತ್ತು ಅವನಿಗೆ. ಎದ್ದು ಹೋಗಿ ಗಂಟು ಬಿಚ್ಚಿ, ಚಹಾ ತರಿಸಿ, ಫಾರ್ಮನ್ನು ಒಂದು ತಪ್ಪೂ ಇಲ್ಲದಂತೆ ತುಂಬಿ, ಅವರನ್ನು ಬಸ್ಸಿನವರೆಗೆ ಕೈಹಿಡಿದು ಬಿಟ್ಟುಬಂದ.

ಹೆಸರಿನ ವಿಷಯದಲ್ಲಿ ಅವನು ಹಾಗೇ. ಅವರ ಕಡೆ ಕುರಿಯನ್ನು ಎಣಿಸುವುದಿಲ್ಲವಂತೆ. ಎಣಿಸಿದರೆ ಕಡಿಮೆ ಆಗುತ್ತವೆ ಅನ್ನುವ ನಂಬಿಕೆ. ಸಂಜೆ ಹಟ್ಟಿಗೆ ಬಂದಾಗ ಒಂದೊಂದನ್ನೂ ಹೆಸರು ಹಿಡಿದು ಕರೆಯುವುದು. ಬರದಿದ್ದದ್ದು ಕಳೆದದ್ದು. ಅವನು ಚಿಕ್ಕವನಿದ್ದಾಗ ಅವರ ಒಂದು ಕುರಿಯನ್ನು ಯಾರೋ ಹೊಡೆದುಕೊಂಡು ಹೋಗಿ ತಮ್ಮ ಹಿಂಡಿನಲ್ಲಿ ಸೇರಿಸಿ, ಇಲ್ಲವೇ ಇಲ್ಲ ಎಂದು ಆಣೆ ಮಾಡಿದರಂತೆ. ಅವನಪ್ಪ ಜಗಳ ಆಡಲಿಲ್ಲ. ಬೇಲಿಯ ಆಚೆ ನಿಂತು ಒಮ್ಮೆ, "ಚಂದ್ರೀ, ಬಾರವಾ" ಅಂದನಂತೆ. ಅಷ್ಟೂ ಕುರಿಗಳ ನಡುವಿನಿಂದ ಚಂದ್ರಿ ತಲೆ ಎತ್ತಿ, ಉಳಿದವನ್ನು ತಳ್ಳಿಕೊಂಡು ಹೊರಗೆ ಬಂತಂತೆ.

"ಪಂಚರು ಬೇಕಾಗಲಿಲ್ಲ, ಪೊಲೀಸರು ಬೇಕಾಗಲಿಲ್ಲ. ಹೆಸರ ಇದ್ರ ಸಾಕು ತಂಗಿ, ಕಳವಾದ ಮಾಲು ತಾನ ನಡಕೊಂತ ಬರ್ತದ." ಈ ಮಾತನ್ನು ಅವನಿಂದ ನೂರು ಸಲ ಕೇಳಿದ್ದೆ. ಅದರ ಅರ್ಥ ತಿಳಿದದ್ದು ಲಗಮವ್ವನ ಕಂಬಳಿ ಕಳವಾದಾಗ.

ಲಗಮವ್ವ ಮಾಳಪ್ಪಣ್ಣನ ಅಕ್ಕ. ಬೆಳುಂಕಿಯವಳು. ಗಂಡ ಸತ್ತ ಮೇಲೆ ಅವನ ಮಗ್ಗಕ್ಕೆ ತಾನೇ ಕುಳಿತವಳು. ಹೆಂಗಸು ಮಗ್ಗಕ್ಕೆ ಕೂರುವುದೇನು ಅಂತ ಊರು ಮಾತಾಡಿದಾಗ, "ನೀವು ಬಂದು ಕುಂದ್ರಿ ಹಂಗಾರ, ನಾ ನೋಡ್ಕೊಂತ ಮಾತಾಡ್ತೀನಿ" ಅಂದವಳು. ಅವಳು ನೇಯುವುದು ಕರಿ ಕಂಬಳಿ, ಅಂಚಿಗೆ ಬಿಳಿ ಉಣ್ಣೆಯ ಹಲ್ಲಿನಂಥ ಸಾಲು. ಆ ಸಾಲು ಸುತ್ತಮುತ್ತ ಬೇರೆ ಯಾರಿಗೂ ಬರುವುದಿಲ್ಲ.

ಬೆಳುಂಕಿಯ ಹೆಣ್ಣುಮಕ್ಕಳ ಗುಂಪಿಗೆ ಮಾಳಪ್ಪಣ್ಣ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಎಲ್ಲೋ ಪುಕ್ಕಟೆ ಸಿಗುವ ಅಂಗಡಿ ಸಾಫ್ಟ್‌ವೇರ್ ತಂದು ಹಚ್ಚಿದ್ದು. ಫೋಟೋ ತೆಗೆದವಳು ನಾನು. ಲಗಮವ್ವ ಕಂಬಳಿಯ ತುದಿ ಹಿಡಿದು, ಎಲೆ ಅಡಿಕೆ ಬಾಯಲ್ಲಿಟ್ಟು, ಕ್ಯಾಮೆರಾವನ್ನು ಹೊಡೆಯುವವಳಂತೆ ನೋಡುತ್ತ ನಿಂತಿದ್ದಳು. ನಾನು ಜಾಣೆ ನೋಡಿ, ಕಂಬಳಿ ಚೆಂದ ಕಾಣಲಿ ಅಂತ ಫೋಟೋದ ಮೇಲ್ಭಾಗ ಕತ್ತರಿಸಿದೆ. ಉಳಿದದ್ದು ಕಂಬಳಿ ಮತ್ತು ಹಸಿರು ಹಚ್ಚೆಯ ಒಂದು ಕೈ. ಆ ಪುಟಕ್ಕೆ ಸಾಫ್ಟ್‌ವೇರ್ ತಾನೇ ಕೊಟ್ಟ ವಿಳಾಸ ಒಂದು ಪ್ರಶ್ನಾರ್ಥಕ ಚಿಹ್ನೆ, ಮುಂದೆ ನಲವತ್ತೇಳು ಅನ್ನುವ ನಂಬರ್, ಅದರ ಹಿಂದೆ ಅರ್ಥವಿಲ್ಲದ ಒಂದು ಉದ್ದನೆಯ ಬಾಲ. ತಲೆ ನಾನು ತೆಗೆದೆ, ಹೆಸರು ಸಾಫ್ಟ್‌ವೇರ್ ತೆಗೆಯಿತು.

ಕೆಲವು ದಿನಕ್ಕೆ ಶಹರದಿಂದ ಒಬ್ಬ ವ್ಯಾಪಾರಿ ಕಾರು ಮಾಡಿಕೊಂಡು ಬಂದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ಲಗಮವ್ವನ ಕಟ್ಟೆಯ ಮೇಲೆ ಕೂತು ಎರಡು ಸಲ ಚಹಾ ಕುಡಿದ. ಅವಳನ್ನು ಸ್ವಂತ ಚಿಕ್ಕಮ್ಮನೋ ಎಂಬಂತೆ "ಮಾವಶಿ, ಮಾವಶಿ" ಅಂತ ಬಾಯಿ ತುಂಬ ಕರೆದ. ನಿಮ್ಮ ಹೆಸರು ದೇಶಕ್ಕೆಲ್ಲ ಗೊತ್ತು ಮಾಡುತ್ತೇನೆ ಅಂದ. ಆ ಹೆಸರು ಏನು ಅಂತ ಮಾತ್ರ ಕೇಳಲಿಲ್ಲ. ಸೈಟಿನ ವಿಳಾಸವನ್ನು ಮಾಳಪ್ಪಣ್ಣನೇ ಚೀಟಿಯಲ್ಲಿ ಬರೆದು ಕೊಟ್ಟ.

ಮರುವರ್ಷ ಸಾಂಗ್ಲಿಯಲ್ಲಿ ಹೆಣ್ಣುಮಕ್ಕಳ ಗುಂಪುಗಳ ಪ್ರದರ್ಶನ. ಲಗಮವ್ವ ಮತ್ತು ನಾನು ಒಂದು ಮಳಿಗೆ ಹಾಕಿದ್ದೆವು. ಒಬ್ಬ ಹೆಂಗಸು ಬಂದು ಕಂಬಳಿ ಮುಟ್ಟಿ ನೋಡಿ, ಮೊಬೈಲ್ ತೆಗೆದು, ನಕ್ಕಳು. "ಖರಂ ಸಾಂಗಾ ಆಜೀ, ಹೀ ಕಾಪೀ ಆಹೇ ನಾ?" ನಿಜ ಹೇಳಿ ಅಜ್ಜಿ, ಇದು ನಕಲು ತಾನೆ ಅಂತ. ಅವಳ ಮೊಬೈಲಿನಲ್ಲಿ ಆ ವ್ಯಾಪಾರಿಯ ಸೈಟು. ಅದರಲ್ಲಿ ನಾನು ತೆಗೆದ ಫೋಟೋ. ಕೆಳಗೆ "ದಖ್ಖನ್ ರಾಯಲ್" ಅಂತ ಹೆಸರು, ನಮ್ಮ ಕಂಪನಿಯ ಸ್ವಂತ ವಿನ್ಯಾಸ ಅನ್ನುವ ಮಾತು.

ಲಗಮವ್ವ ತನ್ನ ಬಲಗೈಯನ್ನು ಮೊಬೈಲಿನ ಪಕ್ಕಕ್ಕೆ ಹಿಡಿದಳು. ಅದೇ ಹಚ್ಚೆ. ಹೆಂಗಸು ಒಂದು ಗಳಿಗೆ ನೋಡಿ, "ಇಂಥ ಹಚ್ಚೆ ಎಲ್ಲ ಆಜಿಗಳ ಕೈಯಲ್ಲೂ ಇರುತ್ತದೆ" ಅಂದು ಹೊರಟುಹೋದಳು. ಪಕ್ಕದ ಮಳಿಗೆಯವರು ಕೇಳಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ನಕಲಿ ಕಂಬಳಿಯ ಮಾತು ಇಡೀ ಮಂಟಪ ಸುತ್ತಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಮನೆಗೆ ಹೋಗಿ ಮಗ್ಗದ ಮೇಲೆ ಗೋಣಿಚೀಲ ಹೊದಿಸಿದಳು. "ಕೈಯ ನನ್ನದಲ್ಲ ಅಂದ ಮ್ಯಾಲ ಯಾತಕ್ಕ ನೇಯ್ಲಿ?" ಅಂದಳು. ತಿಂಗಳು ಕಳೆದರೂ ಗೋಣಿಚೀಲ ತೆಗೆಯಲಿಲ್ಲ.

ಮಾಳಪ್ಪಣ್ಣ ಕಥೆ ಕೇಳಿ ಎದ್ದ. ದಾರಕ್ಕೆ ಗಂಟು ಹಾಕಿದ. ಬಾಯಲ್ಲಿಟ್ಟು ಒದ್ದೆ ಮಾಡಿ, ಹಲ್ಲಿನಿಂದ ಕಚ್ಚಿ ಬಿಗಿದ. ಒದ್ದೆ ಉಣ್ಣೆಯ ಗಂಟು ಒಣಗಿದರೆ ಸುಲಭಕ್ಕೆ ಬಿಚ್ಚುವುದಿಲ್ಲ. ಅವನು ಹಾಗೆ ಕಟ್ಟಿದ್ದು ಅದೊಂದೇ.

ನಾನು ಕುದಿಯುತ್ತಿದ್ದೆ. ವಕೀಲರನ್ನು ಹಿಡಿಯೋಣ, ಪೊಲೀಸರಿಗೆ ಹೇಳೋಣ ಅಂದೆ.

"ಮದ್ಲ ಒಂದ ಮಾತ ನೋಡು. ನೆಟ್‌ನ್ಯಾಗ ಕರಿ ಕಂಬಳಿ ಅಂತ ಹುಡುಕಿದ್ರ ಅಂವ ಮದ್ಲ ಬರ್ತಾನ. ನಾವು ಹತ್ತ ಪುಟ ಹೋದ್ರೂ ಇಲ್ಲ. ಯಾಕ?" ಅಂದ.

ಆ ಯಾಕೆಯ ಹಿಂದೆ ಅವನು ಹದಿನೈದು ದಿನ ಬಿದ್ದ. ಇಂಗ್ಲಿಷ್ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ತಿಳಿಯದ ಶಬ್ದ ನನಗೆ ಕೇಳಿ, ನನಗೂ ತಿಳಿಯದಿದ್ದರೆ ಇಬ್ಬರೂ ಸೇರಿ ಹುಡುಕಿ ಕೊನೆಗೆ ರೋಗ ಹಿಡಿದ. ನಮ್ಮ ಸೈಟು ಬಂದವರಿಗೆಲ್ಲ ವಿಳಾಸದ ತುದಿಗೆ ಒಂದೊಂದು ಹೊಸ ಬಾಲ ಅಂಟಿಸುತ್ತಿತ್ತು. ಮುಂಜಾನೆ ಬಂದರೆ ಒಂದು ಬಾಲ, ಮಧ್ಯಾಹ್ನ ಬಂದರೆ ಇನ್ನೊಂದು. ಹುಡುಕುವ ಯಂತ್ರ ಬಂದಾಗಲೆಲ್ಲ ಅದೇ ಕಂಬಳಿ ಹೊಸ ವಿಳಾಸದಲ್ಲಿ ಕಾಣುತ್ತಿತ್ತು. ಒಂದೇ ಕಂಬಳಿ ಸಾವಿರ ಪುಟವಾಗಿ, ಯಾವುದು ಅಸಲಿ ಅಂತ ತಿಳಿಯದೆ ಅದು ಎಲ್ಲವನ್ನೂ ಬಿಟ್ಟು ಹೋಗುತ್ತಿತ್ತು. ಆ ವ್ಯಾಪಾರಿಯ ಪುಟಕ್ಕೆ ಬಾಲ ಇಲ್ಲ, ನಂಬರ್ ಇಲ್ಲ, ಓದಲು ಬರುವ ಒಂದು ಹೆಸರು. ಯಂತ್ರ ಅದನ್ನೇ ಅಸಲಿ ಅಂದುಕೊಂಡಿತ್ತು.

ಮಾಳಪ್ಪಣ್ಣ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. "ತಪ್ಪ ನಂದ. ಕುರಿಯವನ ಮಗ ಆಗಿ ಅಕ್ಕನ ಕಂಬಳಿಗೆ ನಂಬರ್ ಹಾಕೀನಿ. ಕರೀಲಿಕ್ಕ ಹೆಸರ ಇಲ್ಲಂದ್ರ ಹೆಂಗ ಬರ್ತದ ಅದು?"

ಆಮೇಲೆ ಕೂತು ಎಲ್ಲ ವಿಳಾಸ ಬದಲಿಸಿದ. ಒಳಗೆ ಸಾಫ್ಟ್‌ವೇರ್ ತನ್ನ ನಂಬರ್ ಇಟ್ಟುಕೊಳ್ಳಲಿ, ಹೊರಗೆ ಕಾಣುವುದು ಮಾತ್ರ ಹೆಸರು. ಯಾರಾದರೂ ಹೆಸರು ಕೇಳಿದರೆ ಒಳಗೆ ಅದರ ನಂಬರ್ ಹುಡುಕಿ ಪುಟ ಕೊಡು ಅಂತ ಒಂದು ಫೈಲಿನಲ್ಲಿ ನಿಯಮ ಬರೆದ. ಬಾಲ ಕತ್ತರಿಸಿದ. ಊರು, ಒಂದು ಅಡ್ಡಗೆರೆ, ನೇಯ್ದವಳ ಹೆಸರು, ಇನ್ನೊಂದು ಅಡ್ಡಗೆರೆ, ಕಂಬಳಿಯ ಹೆಸರು. ಬೆಳುಂಕಿ, ಲಗಮವ್ವ, ಕರಿ ಕಂಬಳಿ. ವಿಳಾಸವನ್ನು ಜೋರಾಗಿ ಓದಿದರೆ ಯಾರನ್ನೋ ಕರೆದಂತೆ ಕೇಳುತ್ತಿತ್ತು.

ಮರುದಿನ ಫೋನಿನ ಮೇಲೆ ಫೋನು. ಹಳೆಯ ಗಿರಾಕಿಗಳು ಉಳಿಸಿಕೊಂಡಿದ್ದ ವಿಳಾಸ ಒತ್ತಿದರೆ ಪುಟವೇ ಇಲ್ಲ ಅನ್ನುತ್ತಿತ್ತು. ಲಗಮವ್ವನಿಗೂ ಸುದ್ದಿ ಮುಟ್ಟಿ, ಬಸ್ಸು ಹಿಡಿದು ಬಂದು ಬಾಗಿಲಲ್ಲೇ ನಿಂತಳು.

"ಏನ್ ಮಾಡ್ದ್ಯೋ ಮಾಳ್ಯಾ?"

"ಹಟ್ಟಿ ಬ್ಯಾರೆ ಕಡಿ ಹಾಕೀನಿ ಯಕ್ಕಾ. ಹಳೀ ಜಾಗಾ ಖಾಲಿ ಮಾಡೀನಿ."

"ಮತ್ತ ದಾರಿ ಕೂಡೂವಲ್ಲಿ ಟೊಂಗಿ ಮುರದು ಇಟ್ಟೀಯಿಲ್ಲೋ? ಹಿಂದ ಬರೋರು ಎಲ್ಲಿಗಿ ಹೋಗ್ಬೇಕು? ಕಂಪ್ಯೂಟರ್ ಕಲ್ತು ಅಪ್ಪ ಕಲಿಸಿದ್ದು ಮರ್ತೀಯೇನು?"

ಹಟ್ಟಿ ಬದಲಿಸುವಾಗ ಅವರು ದಾರಿ ಕವಲೊಡೆಯುವಲ್ಲಿ ಒಂದು ಹಸಿ ಟೊಂಗೆ ಮುರಿದು, ಹೋದ ದಿಕ್ಕಿಗೆ ತುದಿ ಮಾಡಿ ಇಡುತ್ತಾರೆ. ಹಿಂದೆ ಬರುವವರಿಗೆ ಗುರುತು. ಮಾಳಪ್ಪಣ್ಣ ತಲೆ ತಗ್ಗಿಸಿದ. ಹಳೆಯ ಒಂದೊಂದು ವಿಳಾಸದಿಂದಲೂ ಹೊಸದಕ್ಕೆ ದಾರಿ ತೋರಿಸುವ ನಿಯಮವನ್ನು ಅವತ್ತೇ ಬರೆದ. ನಾನು ಇವತ್ತಿಗೂ ಅದನ್ನು ಟೊಂಗೆ ಅಂತಲೇ ಅನ್ನುವುದು.

ಆ ಟೊಂಗೆಗಳ ಹತ್ತಿರ ಯಾರು ಯಾರು ಬಂದುಹೋಗುತ್ತಾರೆ ಅನ್ನುವ ಪಟ್ಟಿಯನ್ನು ನೋಡುತ್ತ ಅವನು ಒಂದು ದಿನ ತಟ್ಟನೆ ನನ್ನನ್ನು ಕರೆದ. ನಲವತ್ತೇಳರ ಹಳೆಯ ಫೋಟೋವನ್ನು ದಿನವೂ ಲೆಕ್ಕವಿಲ್ಲದಷ್ಟು ಸಲ ಯಾರೋ ಕೇಳುತ್ತಿದ್ದರು. ಎಲ್ಲ ಕೋರಿಕೆಯೂ ಒಂದೇ ಮನೆಯಿಂದ, ಆ ವ್ಯಾಪಾರಿಯ ಸೈಟಿನಿಂದ. ಮಹಾಶಯ ಫೋಟೋ ಕದಿಯುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ನಮ್ಮ ಫೋಟೋದ ವಿಳಾಸವನ್ನೇ ತನ್ನ ಪುಟಕ್ಕೆ ಅಂಟಿಸಿಬಿಟ್ಟಿದ್ದ. ಅವನ ಪುಟ ತೆರೆದಾಗಲೆಲ್ಲ ಫೋಟೋ ನಮ್ಮ ಮನೆಯಿಂದ ಹೋಗುತ್ತಿತ್ತು.

ಮಾಳಪ್ಪಣ್ಣ ನಕ್ಕ. ಬಹಳ ದಿನದ ಮೇಲೆ ನಕ್ಕದ್ದು.

"ಟೊಂಗಿ ಎಲ್ಲಾರಿಗೂ ಒಂದ ದಿಕ್ಕಿಗೇ ಇಡಬೇಕಂತ ಎಲ್ಲಿ ಬರದದ ತಂಗಿ? ನೀ ಅಕ್ಕನ ತಲಿ ಕತ್ತರಿಸಿದ್ದಿಯಲ್ಲ, ಆ ಪೂರಾ ಫೋಟೋ ಅದ ಏನು?"

ಇತ್ತು. ನನ್ನ ಹಳೆಯ ಮೊಬೈಲಿನಲ್ಲಿ, ಎಲೆ ಅಡಿಕೆ, ಹೊಡೆಯುವ ನೋಟ, ಎಲ್ಲದರ ಸಮೇತ ಇತ್ತು. ಅದರ ಕೆಳಗೆ ಅವನು ಮರಾಠಿಯಲ್ಲಿ ಎರಡು ಸಾಲು ಬರೆಸಿದ: ಈ ಕಂಬಳಿ ನೇಯ್ದವಳು ನಾನು. ನನ್ನ ಹೆಸರೇನು ಅಂತ ಇವರನ್ನೇ ಕೇಳಿರಿ.

ಆವತ್ತೇ ಹಚ್ಚು ಅಂತ ನಾನು ಜೀವ ತಿಂದೆ. ಅವನು ಕೇಳಲಿಲ್ಲ. "ಖಾಲಿ ಬಯಲಾಗ ಕಲ್ಲ ಒಗದ್ರ ಏನ್ ಬಂತು? ಮಂದಿ ಕೂಡ್ಲಿ." ಮೂರು ವಾರ ಕಾದ. ಮುಖದ ಮೇಲೆ ಒಂದು ಗೆರೆ ಇಲ್ಲ. ಕೊನೆಗೆ ಆ ವ್ಯಾಪಾರಿ ದೊಡ್ಡ ಸಭೆಯೊಂದರಲ್ಲಿ ತನ್ನ ಕಂಬಳಿಗಳನ್ನು ತೋರಿಸುತ್ತೇನೆ, ಎಲ್ಲರೂ ಮೊಬೈಲಿನಲ್ಲೇ ನೋಡಿ ಅಂತ ತಾನೇ ಸಾರಿದ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಲಗಮವ್ವನನ್ನು ಕರೆಸಿ ನಡುವಿನ ಕುರ್ಚಿಯಲ್ಲಿ, ತನ್ನ ಕಂಬಳಿಯ ಮೇಲೆ, ಕೂರಿಸಿದ. ಮೂವರೂ ಕಂಪ್ಯೂಟರಿನಲ್ಲಿ ಸಭೆಯ ನೇರ ಪ್ರಸಾರ ನೋಡಿದೆವು. ವ್ಯಾಪಾರಿ ವೇದಿಕೆಯ ಮೇಲೆ. ಅವನ ಹಿಂದೆ ದೊಡ್ಡ ಪರದೆ. ನಮ್ಮ ಪರಂಪರೆ, ನಮ್ಮ ವಿನ್ಯಾಸ, ನಮ್ಮ ಕನಸು ಅಂತ ಮಾತಾಡುತ್ತ ಅವನು ತನ್ನ ಸೈಟು ತೆರೆದ. ಮಾಳಪ್ಪಣ್ಣ ಗುಂಡಿ ಒತ್ತಿ ಅವನ ಪುಟಕ್ಕೆ ಹೋಗುವ ಫೋಟೋ ಬದಲಿಸಿ ಎರಡು ನಿಮಿಷ ಆಗಿತ್ತಷ್ಟೇ. ಪರದೆಯ ತುಂಬ ಲಗಮವ್ವ ಬಂದು ನಿಂತಳು, ಆ ಸಭೆಯನ್ನೆಲ್ಲ ಹೊಡೆಯುವವಳಂತೆ ನೋಡುತ್ತ.

ಅವನಿಗೆ ಗೊತ್ತಾಗಲಿಲ್ಲ, ಬೆನ್ನು ಪರದೆಯ ಕಡೆಗಿತ್ತು. ಜನ ಗುಸುಗುಸು ಅಂದರು. ಮುಂದಿನ ಸಾಲಿನ ಯಾರೋ ಎರಡು ಸಾಲನ್ನು ಜೋರಾಗಿ ಓದಿ, "ಮಗ, ಕಾಯ್ ನಾವ್ ಹ್ಯಾಂಚಂ?" ಅಂದರು. ಹಾಗಾದರೆ ಇವರ ಹೆಸರೇನು ಅಂತ.

ಅವನು ತಿರುಗಿ ನೋಡಿದ. ನೋಡುತ್ತಲೇ ಇದ್ದ. "ಹೀ... ಆಮಚೀ ಮಾಡೆಲ್ ಆಹೇ" ಅಂದ. ನಮ್ಮ ಮಾಡೆಲ್.

"ನಾವ್ ಕಾಯ್?" ಈ ಸಲ ಹಿಂದಿನ ಸಾಲಿನಿಂದ. ಪ್ರಸಾರ ಕಟ್ಟಾಯಿತು.

ಲಗಮವ್ವ ಎಲೆ ಅಡಿಕೆಯ ಚೀಲ ಬಿಚ್ಚುತ್ತ, "ಎರಡ ಸರ್ತಿ ನನ್ನ ಚಹಾ ಕುಡದಾನ ಈ ಭಾಡ್ಯಾ" ಅಂದಳು. ಸಂಜೆ ಮಗ್ಗದ ಮೇಲಿನ ಗೋಣಿಚೀಲ ತೆಗೆದಳು.

ಗಂಟು ಬಿಚ್ಚು ಅಂದರೆ ಮಾಳಪ್ಪಣ್ಣ ಒಪ್ಪಲಿಲ್ಲ. "ಮಾಡೆಲ್ ಅಂದ. ಹೆಸರ ಅನ್ನಲಿಲ್ಲ."

ವ್ಯಾಪಾರಿ ಅದೇ ವಾರ ಫೋಟೋ ಕಿತ್ತು ಹಾಕಿದ. ಮಾಳಪ್ಪಣ್ಣ ಅದಕ್ಕೂ ಸಿದ್ಧನಿದ್ದ. ನಮ್ಮ ಸೈಟಿನಲ್ಲಿ ಒಂದು ಹೊಸ ಪುಟ ಮಾಡಿದ. ತಲೆ ಇಲ್ಲದ ಫೋಟೋ, ತಲೆ ಇದ್ದ ಫೋಟೋ, ನಡುವೆ ನಡೆದ ಕಥೆ. ಅವನ ಹೆಸರು ಹಾಕೋಣ ಅಂತ ನಾನು ಅಂದೆ. "ಬ್ಯಾಡ. ಅವಂಗ ಯಾತರ ಹೆಸರು? ನಂಬರ್ ಹಚ್ಚು." ಹಾಗಾಗಿ ಆ ಪುಟದಲ್ಲಿ ಅವನು ಬರೀ ನಂಬರ್ ನಲವತ್ತೇಳು. ನನಗೂ ಅವನು ಅಂದಿನಿಂದ ನಲವತ್ತೇಳೇ. ಇನ್ನೂ ಒಂದು ಕಿತಾಪತಿ ಮಾಡಿದ. ಪುಟದಲ್ಲಿ ಎಲ್ಲೂ ಲಗಮವ್ವನ ಹೆಸರು ಹಾಕಲಿಲ್ಲ. ಮೇಲಿನ ವಿಳಾಸದಲ್ಲಿ ಮಾತ್ರ ಇಟ್ಟ. "ಯಂತ್ರ ಓದ್ತದ. ಬೇಕಾದವರು ಓದ್ತಾರ. ಅಂವ ಓದ್ತಾನೇನು ನೋಡೂನು."

ಯಂತ್ರ ಓದಿತು. ನಾಲ್ಕು ತಿಂಗಳಿಗೆ "ದಖ್ಖನ್ ರಾಯಲ್" ಅಂತ ಯಾರು ಹುಡುಕಿದರೂ ಮೊದಲು ನಮ್ಮ ಪುಟ, ಅದರ ಕೆಳಗೆ ಅವನ ಅಂಗಡಿ. ಕರೆದ ಕೂಡಲೇ ಚಂದ್ರಿ ಹಿಂಡಿನಿಂದ ಹೊರಗೆ ಬಂದಿತ್ತು.

ನಲವತ್ತೇಳು ಫೋನು ಮಾಡಿದ. ಮೊದಲು ನೋಟೀಸು ಕಳಿಸುತ್ತೇನೆ ಅಂದ.

"ಕಳಸ್ರಿ. ಅದರಾಗೂ ಯಾರ ಫೋಟೋ ಅಂತ ಹೆಸರ ಬರೀಬೇಕಾಗ್ತದ" ಅಂದ ಮಾಳಪ್ಪಣ್ಣ.

ನೋಟೀಸು ಬರಲಿಲ್ಲ. ಆಮೇಲೆ ನಯವಾಗಿ ಮಾತಾಡಿದ. ಏನು ಬೇಕು ಕೇಳಿ ಅಂದ.

"ಏನೂ ಬ್ಯಾಡ್ರಿ. ನೇಯ್ದಾಕಿ ಹೆಸರ ನಿಮ್ಮ ಬಾಯಿಲೆ ಒಮ್ಮಿ ಅನ್ರಿ. ಆ ಗಳಿಗಿಗೇ ಪುಟ ತಗೀತೀನಿ."

ಆ ಕಡೆಯಿಂದ ಫೋನು ಇಟ್ಟ ಸಪ್ಪಳ.

ಹೋದ ವರ್ಷ ಮಾಳಪ್ಪಣ್ಣನಿಗೆ ಎದೆನೋವು ಬಂತು. ಮಿರಜದ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದ್ದು. ಹಾಸಿಗೆಯ ಮೇಲೆ ಆಸ್ಪತ್ರೆಯ ಬಿಳಿ ಚಾದರ, ಅದರ ಮೇಲೆ ಲಗಮವ್ವ ಹೊದಿಸಿದ ಕಂಬಳಿ. ನರ್ಸಮ್ಮ ಎರಡು ಸಲ ತೆಗೆದಿದ್ದಳಂತೆ, ಅವನು ಎರಡು ಸಲವೂ ಎಳೆದುಕೊಂಡಿದ್ದ. ಗೋಡೆಗೆ ಬೆಡ್ ನಂಬರ್ ಬರೆದ ಹಲಗೆ. ಅದರ ಮೇಲೆ ಒಂದು ಚೀಟಿ ಅಂಟಿಸಿ ತನ್ನ ಹೆಸರು ಬರೆಸಿಕೊಂಡಿದ್ದ.

"ದಾರಾ ತಂದಿಯೇನು?" ಅಂದ. ತಂದಿದ್ದೆ. ಬೆರಳಲ್ಲಿ ಒಂದೊಂದೇ ಗಂಟು ಮುಟ್ಟಿ ನೋಡಿದ. ಕರೆಂಟಿನವನು. ಗ್ರಾಮಪಂಚಾಯತಿಯವನು. ಮದುವೆಯಲ್ಲಿ ಪಂಕ್ತಿಯಿಂದ ಎಬ್ಬಿಸಿದ ಸಂಬಂಧಿಕ. "ಇವ್ನೆಲ್ಲಾ ಬಿಚ್ಚಿಬಿಡು. ಸಣ್ಣವು. ಹೊತ್ಕೊಂಡು ಹೋಗಾಕ ಆಗಂಗಿಲ್ಲ." ನಾನು ಅವನ ಎದುರಿಗೇ ಬಿಚ್ಚಿದೆ. ಒಂದು ಉಳಿಯಿತು, ಒದ್ದೆ ಮಾಡಿ ಕಚ್ಚಿ ಬಿಗಿದದ್ದು. ಅದರ ಮೇಲೆ ಬೆರಳಿಟ್ಟುಕೊಂಡು ಹೇಳಿದ: "ಇದು ಇರ್ಲಿ. ಅಂವ ಅನ್ನೂತನಕ ಬಿಚ್ಚಬ್ಯಾಡ. ನಾ ಸತ್ತೀನಂತ ಮನಸ್ಸ ಕರಗಿಸಿಕೋಬ್ಯಾಡ."

ಎರಡು ದಿನದ ಮೇಲೆ ಹೋದ. ಕ್ಲಾಸಿನ ಬೀಗದ ಕೈ, ಸೈಟಿನ ಪಾಸ್‌ವರ್ಡು, ದಾರ, ಮೂರೂ ಈಗ ನನ್ನ ಹತ್ತಿರ. ಅವನ ಕುರ್ಚಿಯ ಮೇಲೆ ಕಂಬಳಿ ಹಾಗೇ ಇದೆ, ನಾನು ಅದರ ಮೇಲೆ ಕೂರುವುದಿಲ್ಲ.

ಮೊನ್ನೆ ಮಧ್ಯಾಹ್ನ ನಲವತ್ತೇಳು ಮತ್ತೆ ಫೋನು ಮಾಡಿದ. ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಶುರು ಮಾಡಿದ. ಮಾಳಪ್ಪ ಸರ್ ಹೋದದ್ದು ಕೇಳಿ ಬೇಸರವಾಯಿತು, ಒಳ್ಳೆಯ ಮನುಷ್ಯ, ಆದರೆ ಹೋದವರ ಹಟ ಹೋದವರ ಜೊತೆ ಹೋಗಲಿ ಮೇಡಂ, ದೊಡ್ಡ ಗಿರಾಕಿಯೊಬ್ಬರು ಆ ಪುಟ ನೋಡಿ ಹಿಂದೆ ಸರಿದಿದ್ದಾರೆ, ತೆಗೆದುಬಿಡಿ ಅಂದ.

"ಪುಟ ಈಗ ನಿಮ್ಮೆದುರಿಗೆ ಇದೆಯೇ?" ಅಂತ ಕೇಳಿದೆ.

ಇದೆ ಅಂದ. ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಂಡೇ ಮಾತಾಡುತ್ತಿದ್ದೇನೆ ಅಂದ.

"ಹಾಗಾದರೆ ಆಕೆಯ ಹೆಸರು ಹೇಳಿ. ನನ್ನ ಕೈ ಗುಂಡಿಯ ಮೇಲೇ ಇದೆ. ಈಗಲೇ ತೆಗೆಯುತ್ತೇನೆ."

ನನ್ನ ಕೈ ನಿಜಕ್ಕೂ ಅಲ್ಲೇ ಇತ್ತು. ಅವನು ಕೆಮ್ಮಿದ. "ಆ ಮಾವಶಿ... ಗಂಗವ್ವ?" ಅಂದ. ಅಲ್ಲ ಅಂದೆ. "ಲಕ್ಷ್ಮೀಬಾಯಿ?" ಅಂದ. ಪುಟವನ್ನು ಮೇಲೆ ಕೆಳಗೆ ಮಾಡುತ್ತಿರಬೇಕು, ಮೌಸಿನ ಗುಂಡಿ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು. "ಇಲ್ಲಿ ಎಲ್ಲೂ ಬರೆದೇ ಇಲ್ಲವಲ್ಲ ಮೇಡಂ" ಅಂದ.

ಬರೆದಿತ್ತು. ಅವನ ಕಣ್ಣಿನ ನೇರಕ್ಕೆ, ಪರದೆಯ ನೆತ್ತಿಯ ಮೇಲೆ, ಎರಡು ಅಡ್ಡಗೆರೆಗಳ ನಡುವೆ ಬರೆದಿತ್ತು. ಕಣ್ಣಿಲ್ಲದ ಯಂತ್ರ ಓದಿ ನೆನಪಿಟ್ಟುಕೊಂಡಿದ್ದನ್ನು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಓದಿರಲಿಲ್ಲ.

ನಾನು ಫೋನು ಇಟ್ಟೆ. ಸಂಜೆ ಬೆಳುಂಕಿಗೆ ಫೋನು ಮಾಡಿ ಲಗಮವ್ವನಿಗೆ ಹೇಳಿದೆ. ಆ ಕಡೆ ಮಗ್ಗದ ಸಪ್ಪಳ ನಿಂತಿತು.

"ಅಂದನೇನವಾ ನನ್ನ ಹೆಸರ?"

"ಇಲ್ಲಕ್ಕಾ."

"ಇರ್ಲಿ ಬಿಡು. ಮಾಳ್ಯಾನ ಗಂಟ ಹಂಗ ಇರ್ಲಿ" ಅಂದಳು. ಮತ್ತೆ ಮಗ್ಗದ ಸಪ್ಪಳ ಶುರುವಾಯಿತು.